ದೂರಿನ ಪುಸ್ತಕದಿಂದ ಟೆಂಡರ್ ಪತ್ರದವರೆಗೆ



ಬೋಧಕರ ಅಭಿಪ್ರಾಯ ಪಡೆದು ಕಂಪ್ಯೂಟರ್ ತರಗತಿಗಳನ್ನು ಸುಧಾರಿಸುವುದು ಹೇಗೆ ಎಂಬುದು ಇಂದಿನ ಸಭೆಯ ವಿಷಯ. ಅಭಿಪ್ರಾಯ ಸಂಗ್ರಹಕ್ಕೆ ನಮ್ಮಲ್ಲೇನೂ ಬರವಿಲ್ಲ. ನ್ಯಾಕ್ ಮೌಲ್ಯಮಾಪನದ ವರ್ಷವಂತೂ ಫಾರಂಗಳದ್ದೇ ಸುಗ್ಗಿ. ‘ಪ್ರಯೋಗಾಲಯ ಸೌಲಭ್ಯ: ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ’ ಎಂದು ನಾಲ್ಕು ಚೌಕ. ‘ಅತ್ಯುತ್ತಮ’ ಎಂದರೆ ಸುಳ್ಳು ಹೇಳಿದಂತಾಗುತ್ತದೆ, ‘ಕಳಪೆ’ ಎಂದರೆ ಕರೆಸಿ ವಿವರಣೆ ಕೇಳುತ್ತಾರೆ. ಹಾಗಾಗಿ ಎಲ್ಲರೂ ‘ಉತ್ತಮ’ಕ್ಕೆ ಟಿಕ್ ಹಾಕಿ ಕೈತೊಳೆದುಕೊಳ್ಳುತ್ತೇವೆ. ವಿದ್ಯಾರ್ಥಿ–ಕಂಪ್ಯೂಟರ್ ಅನುಪಾತದ ಕಾಲಂ ಕೂಡ ಇದೆ. ಎಸ್‌ಎಂಪಿಎಸ್ ಸುಟ್ಟು ಮೂಲೆಯಲ್ಲಿ ಪೇರಿಸಿಟ್ಟಿರುವ ಯಂತ್ರಗಳೂ ಸ್ಟಾಕ್ ರಿಜಿಸ್ಟರ್ ಪ್ರಕಾರ ಕಂಪ್ಯೂಟರ್‌ಗಳೇ ಆದ್ದರಿಂದ ಆ ಲೆಕ್ಕವೂ ಸರಿಹೋಗುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟೇ: ಬೋಧಕರ ಅಭಿಪ್ರಾಯವನ್ನು ಹೊಸದಾಗಿ ಕೇಳುವ ಅಗತ್ಯ ಅಷ್ಟಾಗಿ ಇಲ್ಲ. ಅದು ಈಗಾಗಲೇ ಬರೆದಿಟ್ಟಿದೆ, ಪ್ರತಿ ಲ್ಯಾಬಿನ ಬಾಗಿಲ ಬಳಿ ದಾರಕ್ಕೆ ಪೆನ್ನು ಕಟ್ಟಿ ಇಟ್ಟಿರುವ ದೂರಿನ ಪುಸ್ತಕದಲ್ಲಿ. ‘ಸಿಸ್ಟಮ್ 14 ಸ್ಲೋ’, ‘ನೆಟ್ ಇಲ್ಲ’, ‘ಪ್ರೊಜೆಕ್ಟರ್ ನೀಲಿ ಬರ್ತಿದೆ’, ‘ಮೌಸ್ ಇಲ್ಲ (ಮೂರನೇ ಸಲ)’. ಇದನ್ನು ವಾರ್ಷಿಕ ನಿರ್ವಹಣಾ ಗುತ್ತಿಗೆಯ (ಎಎಂಸಿ) ಹುಡುಗ ಓದುತ್ತಾನೆ, ಕೆಲಸವಾದ ಮೇಲೆ ಸಹಿ ಹಾಕುತ್ತಾನೆ. ಖರೀದಿ ಸಮಿತಿ ಮಾತ್ರ ಓದುವುದಿಲ್ಲ. ಟೆಂಡರ್ ಬರೆಯುವ ಮೇಜಿಗೂ ಈ ಪುಸ್ತಕಕ್ಕೂ ಒಂದೇ ಕಟ್ಟಡದಲ್ಲಿದ್ದೂ ಪರಿಚಯವಿಲ್ಲ.

‘ಸ್ಲೋ’ ಎಂಬ ಒಂದೇ ದೂರನ್ನು ಸ್ವಲ್ಪ ಬಿಡಿಸಿ ನೋಡೋಣ. ಬೆಳಿಗ್ಗೆ ಮೊದಲ ಬ್ಯಾಚ್‌ಗೆ ಮಾತ್ರ ಸ್ಲೋ ಎಂದಾದರೆ, ಇಡೀ ಕೋಣೆಯ ಯಂತ್ರಗಳು ಒಟ್ಟಿಗೆ ಎದ್ದು, ಒಟ್ಟಿಗೆ ಅಪ್‌ಡೇಟ್ ಎಳೆಯಲು ಹೊರಟಿವೆ ಎಂದರ್ಥ. ಯಂತ್ರಗಳನ್ನು ಆರಿಸದೆ ಬಿಟ್ಟು ಅಪ್‌ಡೇಟ್ ಸಮಯವನ್ನು ರಾತ್ರಿಗೋ ಭಾನುವಾರಕ್ಕೋ ಬದಲಿಸಿದರೆ ಮುಗಿಯಿತು, ಖರ್ಚಿಲ್ಲ. ಬ್ರೌಸರ್ ತೆರೆದಾಗ ಸ್ಲೋ ಎಂದರೆ ಅದು ಹೆಚ್ಚಾಗಿ ನೆಟ್‌ವರ್ಕ್ ಸ್ವಿಚ್ಚಿನ ಅಥವಾ ಲೈನಿನ ಮಾತು. ಕಾರಿಡಾರಿನ ಮೂಲೆಯ ಹಳೇ ಸ್ವಿಚ್ ಇರುವವರೆಗೆ ಎಷ್ಟೇ ವೇಗದ ಕಂಪ್ಯೂಟರ್ ತಂದರೂ ಅಷ್ಟೇ. ದಿನವಿಡೀ, ಯಾವ ಕೆಲಸಕ್ಕೂ ಸ್ಲೋ ಎಂದರೆ ಬಹುತೇಕ ಹಾರ್ಡ್‌ಡಿಸ್ಕ್ ಕಾರಣ. ಆರೇಳು ವರ್ಷದ ಯಂತ್ರಕ್ಕೆ ಒಂದು ಎಸ್‌ಎಸ್‌ಡಿ ಹಾಕಿ ರ‍್ಯಾಮ್ ಹೆಚ್ಚಿಸಿದರೆ ಹೊಸ ಯಂತ್ರದ ಬೆಲೆಯ ಸಣ್ಣ ಪಾಲಿನಲ್ಲಿ ಅದು ಮತ್ತೆ ಓಡುತ್ತದೆ. ಆದರೆ ಎಎಂಸಿ ಕರಾರಿನಲ್ಲಿ ದುರಸ್ತಿ ಇದೆ, ಮೇಲ್ದರ್ಜೆಗೇರಿಸುವುದು ಇಲ್ಲ. ಆದ್ದರಿಂದ ಹುಡುಗ ಬಂದು, ಫಾರ್ಮ್ಯಾಟ್ ಮಾಡಿ, ‘ಓಕೆ’ ಎಂದು ಬರೆದು ಹೋಗುತ್ತಾನೆ. ಮುಂದಿನ ತಿಂಗಳು ಅದೇ ಸಾಲು, ಅದೇ ಸಹಿ.

ಎರಡು ಗಂಟೆಯ ಪ್ರಾಯೋಗಿಕ ತರಗತಿಯಲ್ಲಿ ಇಂಥದ್ದಕ್ಕೆ ಹದಿನೈದು ನಿಮಿಷ ಹೋಯಿತೆನ್ನಿ. ಎಂಟರಲ್ಲೊಂದು ಪಾಲು. ಹದಿನಾರು ವಾರದ ಸೆಮಿಸ್ಟರ್‌ನಲ್ಲಿ ಎರಡು ವಾರದ ಲ್ಯಾಬ್ ಹೋಯಿತು. ಯಾವ ಹಾಜರಿ ಪುಸ್ತಕದಲ್ಲೂ ಈ ನಷ್ಟ ಕಾಣುವುದಿಲ್ಲ.

ಯಂತ್ರಗಳನ್ನು ಬಿಟ್ಟು ಕೋಣೆಗೆ ಬನ್ನಿ. ಬೋಧಕರ ಮಾತು ನಿಜವಾಗಿ ಬೇಕಾಗುವುದು ಇಲ್ಲಿ, ಕೇಳದೇ ಇರುವುದೂ ಇಲ್ಲೇ. ನಮ್ಮ ಎಷ್ಟೋ ಲ್ಯಾಬ್‌ಗಳಲ್ಲಿ ಪ್ರೊಜೆಕ್ಟರ್ ಪರದೆಯನ್ನು ಬೋರ್ಡಿನ ಮುಂದೆಯೇ, ನಟ್ಟನಡುವೆ ಕಟ್ಟಿರುತ್ತಾರೆ. ಪರದೆ ಇಳಿಸಿದರೆ ಬೋರ್ಡಿಲ್ಲ, ಬೋರ್ಡು ಬೇಕಾದರೆ ಪರದೆ ಇಲ್ಲ. ಲಿಂಕ್ಡ್ ಲಿಸ್ಟ್ ಕಲಿಸುವ ಮೇಡಂಗೆ ಒಂದು ಕಡೆ ಕೋಡ್ ಕಾಣಬೇಕು, ಪಕ್ಕದಲ್ಲೇ ಬಾಣದ ಗುರುತು ಹಾಕಿ ನೋಡ್‌ಗಳನ್ನು ಬಿಡಿಸಬೇಕು. ಪರದೆಯನ್ನು ಮೂರಡಿ ಪಕ್ಕಕ್ಕೆ ಸರಿಸಿದ್ದರೆ ಸಾಕಿತ್ತು. ಹಾಗೆಯೇ ಲೈಟು. ಕೋಣೆಯ ಟ್ಯೂಬ್‌ಲೈಟ್‌ಗಳೆಲ್ಲ ಒಂದೇ ಸ್ವಿಚ್ಚಿಗೆ. ಪರದೆ ಕಾಣಬೇಕೆಂದು ಆರಿಸಿದರೆ ಹುಡುಗರ ಕೀಬೋರ್ಡು, ರೆಕಾರ್ಡ್ ಪುಸ್ತಕ ಎರಡೂ ಕತ್ತಲಲ್ಲಿ. ಹಚ್ಚಿದರೆ ಪರದೆಯ ಮೇಲಿನ ಕೋಡ್ ಮಸುಕು. ಮುಂದಿನ ಸಾಲಿನ ಲೈಟಿಗೆ ಬೇರೆ ಸ್ವಿಚ್ ಕೊಡುವುದು ಎಲೆಕ್ಟ್ರಿಷಿಯನ್‌ಗೆ ಒಂದು ವೈರಿನ ಕೆಲಸ, ಗೋಡೆಗೆ ಸುಣ್ಣ ಹೊಡೆಯುವ ಮೊದಲು ಹೇಳಿದ್ದರೆ. ಇಂಥ ಕಟ್ಟಡ ಕಟ್ಟುವಾಗ ನಕ್ಷೆಗೆ ಎಂಜಿನಿಯರ್ ಸಹಿ ಇತ್ತು, ಗುತ್ತಿಗೆದಾರರ ಸಹಿ ಇತ್ತು. ಆ ಕೋಣೆಯಲ್ಲಿ ನಿಂತು ಪಾಠ ಮಾಡುವವರು ಯಾರೂ ಅದನ್ನು ನೋಡಿರಲಿಲ್ಲ.

ಮೇಜುಗಳ ಜೋಡಣೆಯೂ ಹೀಗೆಯೇ ತೀರ್ಮಾನವಾಗುತ್ತದೆ. ಪ್ಲಗ್ ಪಾಯಿಂಟ್ ಗೋಡೆಯಲ್ಲಿದ್ದರೆ ಕಂಪ್ಯೂಟರ್ ಗೋಡೆಗೆ. ಹುಡುಗರು ಬೋಧಕರಿಗೆ ಬೆನ್ನು ಹಾಕಿ ಕೂರುತ್ತಾರೆ. ಎಲ್ಲರ ಪರದೆಯೂ ಬೋಧಕರಿಗೆ ಕಾಣುವುದು ಇದರ ಲಾಭ, ಪಾಠ ಕೇಳಲು ಹುಡುಗರು ಕತ್ತು ತಿರುಗಿಸುತ್ತಲೇ ಇರಬೇಕಾದದ್ದು ನಷ್ಟ. ಸಾಲಾಗಿ ಜೋಡಿಸಿದರೆ ಮುಖಗಳು ಕಾಣುತ್ತವೆ, ಪರದೆಗಳು ಕಾಣುವುದಿಲ್ಲ. ವೇಯಾನ್‌ನಂಥ ಉಚಿತ ತಂತ್ರಾಂಶದಿಂದ ಎಲ್ಲರ ಪರದೆಯನ್ನೂ ಬೋಧಕರ ಯಂತ್ರದಲ್ಲಿ ನೋಡಬಹುದು ನಿಜ. ಆದರೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಸೆಮಿಕೋಲನ್ ಬಿಟ್ಟು ಮುಖ ಬಾಡಿಸಿ ಕೂತಿರುವಾಗ ಪಕ್ಕಕ್ಕೆ ಹೋಗಿ ನಿಲ್ಲಲು ಸಾಲುಗಳ ನಡುವೆ ಜಾಗ ಬೇಕು. ಆ ಜಾಗವೆಷ್ಟು ಎಂದು ಹೇಳಬೇಕಾದವರು ಅಲ್ಲಿ ಓಡಾಡುವವರು. ಅಮೆರಿಕದ ನಾರ್ತ್ ಕೆರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕ ರಾಬರ್ಟ್ ಬೈಕ್ನರ್ 1990ರ ದಶಕದಲ್ಲಿ ಸ್ಕೇಲ್-ಅಪ್ ಎಂಬ ತರಗತಿ ರೂಪಿಸಿದರು: ಏಳಡಿ ವ್ಯಾಸದ ದುಂಡು ಮೇಜು, ಒಂದೊಂದರ ಸುತ್ತ ಮೂವರಂತೆ ಮೂರು ತಂಡ, ನಡುವೆ ಓಡಾಡುವ ಮೇಷ್ಟ್ರು. ನಾವೂ ನಾಳೆಯೇ ದುಂಡು ಮೇಜು ತರಿಸೋಣ ಎಂದು ದಯವಿಟ್ಟು ಹೊರಡಬೇಡಿ. ಅದು ಅವರ ಪಾಠಕ್ಕೆ ಹೊಂದಿದ ಮೇಜು. ಮೇಜಿನ ಅಳತೆಯನ್ನು ಪಾಠ ಮಾಡುವವರೇ ತೀರ್ಮಾನಿಸಿದರು ಎಂಬಷ್ಟನ್ನು ಅವರಿಂದ ತೆಗೆದುಕೊಂಡರೆ ಸಾಕು.

ಬೋಧಕರ ಗೊಣಗಾಟ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ್ದೇ ಆದ ಡಾರ್ಟ್‌ಮತ್ ಕಾಲೇಜಿನ ಕಥೆ ಇದೆ. ಅಲ್ಲಿ ಗಣಿತ ಕಲಿಸುತ್ತಿದ್ದ ಥಾಮಸ್ ಕರ್ಟ್ಸ್ 1950ರ ದಶಕದಲ್ಲಿ ಪಂಚ್ ಕಾರ್ಡ್‌ಗಳ ಪೆಟ್ಟಿಗೆ ಹಿಡಿದು ರೈಲಿನಲ್ಲಿ ಎಂಐಟಿಗೆ ಹೋಗಿ, ಅಲ್ಲಿನ ಯಂತ್ರದಲ್ಲಿ ಪ್ರೋಗ್ರಾಂ ಓಡಿಸಿಕೊಂಡು ಬರುತ್ತಿದ್ದರು. ಒಂದು ತಪ್ಪು ಕಂಡರೆ ಮತ್ತೊಂದು ಪ್ರಯಾಣ. ಹೀಗಾದರೆ ಸಾಹಿತ್ಯ, ಇತಿಹಾಸದ ಹುಡುಗರು ಎಂದಿಗೂ ಕಂಪ್ಯೂಟರ್ ಮುಟ್ಟುವುದಿಲ್ಲ ಎಂದು ಅವರಿಗೂ ಸಹೋದ್ಯೋಗಿ ಜಾನ್ ಕೆಮೆನಿಗೂ ಅನ್ನಿಸಿತು. 1964ರ ಮೇ 1ರ ನಸುಕಿನಲ್ಲಿ ಒಂದೇ ಯಂತ್ರವನ್ನು ಹಲವರು ಒಟ್ಟಿಗೆ ಬಳಸುವ ಅವರ ಟೈಮ್ ಶೇರಿಂಗ್ ವ್ಯವಸ್ಥೆಯ ಮೇಲೆ ಬೇಸಿಕ್ ಭಾಷೆ ಮೊದಲ ಸಲ ಓಡಿತು. ಯಂತ್ರ ಮಾರುವವರು ಕೊಟ್ಟದ್ದಲ್ಲ ಅದು, ತರಗತಿಯ ತೊಂದರೆಯಿಂದ ಹುಟ್ಟಿದ್ದು. ನಮ್ಮಲ್ಲಿ 1963ರಲ್ಲಿ ಕಾನ್ಪುರ ಐಐಟಿಗೆ ಐಬಿಎಂ 1620 ಬಂದಾಗ ಫೋರ್ಟ್ರಾನ್ ಕಲಿಸಿದ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಪ್ರೊ. ವಿ. ರಾಜಾರಾಮನ್ ಹುಡುಗರ ಕೈಗೆಟುಕುವ ಬೆಲೆಯ ಪಠ್ಯಪುಸ್ತಕ ಬರೆದದ್ದೂ ಇದೇ ಜಾತಿಯ ಕೆಲಸ.

ಎಲ್ಲ ದೂರೂ ಯಂತ್ರದ ದೂರಲ್ಲ. ‘ಸಾಫ್ಟ್‌ವೇರ್ ಹಳೇದು’ ಎಂದು ಬರೆದಿರುವ ಸಾಲನ್ನೇ ತೆಗೆದುಕೊಳ್ಳಿ. ಟರ್ಬೋ ಸಿ ಕಂಪೈಲರ್ 1990ರ ಸುಮಾರಿನ ಡಾಸ್ ಕಾಲದ್ದು. ಇವತ್ತಿಗೂ ಅದನ್ನು ಡಾಸ್‌ಬಾಕ್ಸ್‌ನೊಳಗೆ ಕೂರಿಸಿ ಓಡಿಸುವ ಕಾಲೇಜುಗಳಿವೆ. ಹುಡುಗರು ಫ್ಯಾಕ್ಟೋರಿಯಲ್ ಪ್ರೋಗ್ರಾಂ ಬರೆಯುತ್ತಾರೆ. ಏಳಕ್ಕೆ 5040 ಬರುತ್ತದೆ, ಸರಿ. ಎಂಟಕ್ಕೆ 40320 ಬರಬೇಕು, ಪರದೆಯ ಮೇಲೆ ಮೈನಸ್ 25216 ಎಂದು ಬರುತ್ತದೆ. ಅಲ್ಲಿ ಇಂಟ್ ಎಂದರೆ 16 ಬಿಟ್, 32767 ದಾಟಿದರೆ ಮಗುಚಿಕೊಳ್ಳುತ್ತದೆ. ಈಗಿನ ಜಿಸಿಸಿಯಲ್ಲಿ ಅದೇ ಪ್ರೋಗ್ರಾಂ ಹನ್ನೆರಡರವರೆಗೂ ಸರಿಯಾದ ಉತ್ತರ ಕೊಡುತ್ತದೆ. ಹುಡುಗರು ‘ನಮ್ಮ ಲಾಜಿಕ್ ತಪ್ಪು’ ಎಂದುಕೊಂಡು ಸರಿಯಾದ ಕೋಡನ್ನೇ ತಿದ್ದಲು ಕೂರುತ್ತಾರೆ. ಮನಸ್ಸಿದ್ದರೆ ಬೋಧಕರು ಇದನ್ನೇ ಒಳ್ಳೆಯ ಪಾಠವಾಗಿಸಬಹುದು, ಬೇರೆ ಮಾತು. ಕಂಪೈಲರ್ ಬದಲಿಸುವುದು ಮಾತ್ರ ಅವರ ಕೈಯಲ್ಲಿಲ್ಲ. ಲ್ಯಾಬ್ ಮ್ಯಾನ್ಯುಯಲ್‌ನ ಎಲ್ಲ ಪ್ರೋಗ್ರಾಂಗಳಲ್ಲೂ ಟರ್ಬೋ ಸಿಯ ‘ಸಿಎಲ್‌ಆರ್‌ಎಸ್‌ಸಿಆರ್’ ಆದೇಶ ಅಚ್ಚಾಗಿದೆ, ಪರೀಕ್ಷೆಗೆ ಬರುವ ಹೊರಗಿನ ಪರೀಕ್ಷಕರೂ ಅದನ್ನೇ ನಿರೀಕ್ಷಿಸುತ್ತಾರೆ. ಈ ದೂರು ಹೋಗಬೇಕಾದದ್ದು ಅಧ್ಯಯನ ಮಂಡಳಿಗೆ. ಹೋಗುತ್ತಿರುವುದು ಎಎಂಸಿ ಹುಡುಗನಿಗೆ.

ಒಬ್ಬರ ಪರಿಹಾರ ಇನ್ನೊಬ್ಬರ ದೂರಾಗುವುದೂ ಉಂಟು. ವೈರಸ್ ಕಾಟ ಎಂದು ಸಿಸ್ಟಮ್ ನೋಡಿಕೊಳ್ಳುವವರು ಎಲ್ಲ ಯಂತ್ರಗಳಿಗೂ ಡೀಪ್ ಫ್ರೀಜ್ ಹಾಕುತ್ತಾರೆ. ರೀಸ್ಟಾರ್ಟ್ ಆದೊಡನೆ ಯಂತ್ರ ಹೊಸದರಂತೆ. ಅವರಿಗೆ ನೆಮ್ಮದಿ. ಅದೇ ಕೋಣೆಗೆ ಮಧ್ಯಾಹ್ನ ಬರುವ ಕನ್ನಡ ಎಂ.ಎ. ವಿದ್ಯಾರ್ಥಿಗಳು ನುಡಿ ತಂತ್ರಾಂಶ ಹಾಕಿಸಿ, ಸಂಪ್ರಬಂಧದ ನಾಲ್ಕು ಪುಟ ಟೈಪಿಸಿ ಡೆಸ್ಕ್‌ಟಾಪ್‌ನಲ್ಲಿ ಉಳಿಸುತ್ತಾರೆ. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ, ಯುಪಿಎಸ್ ಬ್ಯಾಟರಿಯದು ಹೇಳುವುದೇ ಬೇಡ. ಮತ್ತೆ ಬಂದಾಗ ಕಡತವೂ ಇಲ್ಲ, ಫಾಂಟೂ ಇಲ್ಲ. ಬೇರೆ ಕಡೆ ಟೈಪಿಸಿ ಪೆನ್‌ಡ್ರೈವ್‌ನಲ್ಲಿ ತಂದದ್ದು ಹಳೆಯ ಆಸ್ಕಿ ಅಕ್ಷರದಲ್ಲಿದ್ದರೆ ತೆರೆದಾಗ ಬರೀ ಕಸ. ಹೆಚ್ಚಿನದೇನೂ ಬೇಡ: ಫ್ರೀಜ್‌ಗೆ ಸಿಕ್ಕದ ಒಂದು ಡ್ರೈವ್, ಮೂಲ ಇಮೇಜ್‌ನಲ್ಲೇ ಯೂನಿಕೋಡ್ ಫಾಂಟ್ ಮತ್ತು ಕೆಜಿಪಿ ಕೀಲಿಮಣೆ. ಆದರೆ ಕನ್ನಡ ವಿಭಾಗದವರನ್ನು ಲ್ಯಾಬ್ ಸಮಿತಿಗೆ ಕರೆಯುವ ಪದ್ಧತಿ ಎಲ್ಲಿದೆ?

ಹೊಸ ಲ್ಯಾಬ್‌ಗಳಿಂದ ಬರುವ ಒಂದು ದೂರನ್ನು ಮಾತ್ರ ಸಲೀಸಾಗಿ ತೆಗೆದುಕೊಳ್ಳಬಾರದು: ‘ಎಲ್ಲ ಸಿಸ್ಟಮ್ ಆನ್ ಮಾಡಿದರೆ ಟ್ರಿಪ್ ಆಗುತ್ತೆ.’ ಪ್ರತಿ ಎಸ್‌ಎಂಪಿಎಸ್‌ನಿಂದಲೂ ಅರ್ಥ್‌ಗೆ ತುಸು ವಿದ್ಯುತ್ ಸೋರುವುದು ಸಹಜ, ಒಂದೆರಡು ಮಿಲಿಆಂಪಿಯರ್‌ನಷ್ಟು. ಇಪ್ಪತ್ತು ಮೂವತ್ತು ಯಂತ್ರಗಳನ್ನು 30 ಮಿಲಿಆಂಪಿಯರ್‌ನ ಒಂದೇ ಆರ್‌ಸಿಸಿಬಿಗೆ ಜೋಡಿಸಿದರೆ ಅದು ಬೀಳದೆ ಇನ್ನೇನಾದೀತು? ಕಾಟ ತಪ್ಪಲಿ ಎಂದು ಯಾರೋ ಅದನ್ನೇ ಕಿತ್ತು ನೇರ ಜೋಡಿಸಿಬಿಡುತ್ತಾರೆ. ದೂರು ನಿಲ್ಲುತ್ತದೆ, ಜೊತೆಗೆ ಶಾಕ್ ಹೊಡೆದರೆ ಜೀವ ಉಳಿಸುತ್ತಿದ್ದ ಸಾಧನವೂ ಹೋಗುತ್ತದೆ. ಲೈನನ್ನು ಮೂರೋ ನಾಲ್ಕೋ ಭಾಗ ಮಾಡಿ ಒಂದೊಂದಕ್ಕೂ ಪ್ರತ್ಯೇಕ ಆರ್‌ಸಿಸಿಬಿ ಕೊಡಬೇಕು. ನಿಮ್ಮಲ್ಲಿ ಟ್ರಿಪ್ ಆಗುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತಿದ್ದರೆ, ಯಾಕೆ ನಿಂತಿತು ಎಂದು ನಾಳೆಯೇ ಹೋಗಿ ನೋಡಿ.

ತಕ್ಷಣದ ಇನ್ನೊಂದು ವಿಷಯ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಎಂಟನೇ ತಲೆಮಾರಿನದೋ ಅದರ ನಂತರದ್ದೋ ಆಗಬೇಕು. ನಮ್ಮ ಬಹಳಷ್ಟು ಯಂತ್ರಗಳು ಅದಕ್ಕೂ ಹಿಂದಿನವು. ಎಲ್ಲವನ್ನೂ ಗುಜರಿಗೆ ಹಾಕುವುದೋ, ಲಿನಕ್ಸ್ ಹಾಕುವುದೋ? ಇದನ್ನು ಮಾರಾಟಗಾರರನ್ನು ಕೇಳಿದರೆ ಉತ್ತರ ಒಂದೇ. ಬೋಧಕರನ್ನು ಕೇಳಿ: ಸಿ, ಜಾವಾ, ಪೈಥಾನ್, ಡೇಟಾಬೇಸ್ ಲ್ಯಾಬ್‌ಗಳಿಗೆ ಲಿನಕ್ಸ್ ಧಾರಾಳ ಸಾಕು, ಕೆಜಿಪಿ ಕೀಲಿಮಣೆಯೂ ಅದರಲ್ಲಿದೆ. ಬಿ.ಕಾಂ.ನವರ ಟ್ಯಾಲಿಗೆ ಮಾತ್ರ ವಿಂಡೋಸ್ ಬೇಕು. ಹಾಗಿದ್ದರೆ ಹೊಸ ಯಂತ್ರಗಳು ಎಷ್ಟು, ಯಾವ ಕೋಣೆಗೆ ಎಂಬ ಲೆಕ್ಕವೇ ಬದಲಾಗುತ್ತದೆ.

ಇಷ್ಟೆಲ್ಲ ಗೊತ್ತಿರುವವರು ಯಾರು? ಹೆಚ್ಚಿನ ಕಡೆ ಅತಿಥಿ ಉಪನ್ಯಾಸಕರು. ಲ್ಯಾಬ್ ಅವಧಿಗಳು ಬೀಳುವುದು ಅವರ ಪಾಲಿಗೆ, ಸಮಿತಿಗಳಲ್ಲಿ ಅವರ ಹೆಸರಿಲ್ಲ. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಎಂಬುವವರು ‘ಈ ಕೋಣೆ ಸರಿಯಿಲ್ಲ’ ಎಂದು ಸಹಿ ಹಾಕಿ ಬರೆದುಕೊಡಲಿ ಎಂದು ಬಯಸುವುದು ನ್ಯಾಯವಲ್ಲ. ಅಭಿಪ್ರಾಯ ಬೇಕಿದ್ದರೆ ಹೆಸರು ಕೇಳಬೇಡಿ. ‘ಸೌಲಭ್ಯ ಹೇಗಿದೆ’ ಎಂದೂ ಕೇಳಬೇಡಿ. ‘ನಿನ್ನೆಯ ಲ್ಯಾಬ್‌ನಲ್ಲಿ ಮೊದಲ ಹತ್ತು ನಿಮಿಷ ಏನು ಮಾಡಿದಿರಿ’ ಎಂದು ಕೇಳಿ. ಉತ್ತರದಲ್ಲಿ ಎಲ್ಲವೂ ಇರುತ್ತದೆ.

ಹಣಕಾಸು ಅಧಿಕಾರಿಗಳಿಗೆ ಒಂದು ಮಾತು. ಸಾರ್ವಜನಿಕ ಖರೀದಿಯ 1999ರ ಕೆಟಿಪಿಪಿ ಕಾಯ್ದೆ ನಮ್ಮ ಕೈ ಕಟ್ಟಿದೆ ಎಂದು ಎಲ್ಲರೂ ಹೇಳುತ್ತಾರೆ. ಟೆಂಡರ್ ಕರೆಯಬೇಕು, ಹೊಂದುವ ಕಡಿಮೆ ದರಕ್ಕೆ ಕೊಡಬೇಕು, ಒಪ್ಪಿದೆ. ಆದರೆ ಏನು ಬೇಕು ಎಂದು ಬರೆಯುವ ಸ್ವಾತಂತ್ರ್ಯ ನಮ್ಮದೇ. ಮಾರ್ಚ್ ಕೊನೆಯಲ್ಲಿ ಅನುದಾನ ವಾಪಸ್ ಹೋಗುತ್ತದೆಂದು ಹಳೇ ಟೆಂಡರಿನ ಸ್ಪೆಸಿಫಿಕೇಷನ್ನನ್ನೇ ತಾರೀಖು ತಿದ್ದಿ ಹಾಕಿದರೆ ಅದು ಕಾಯ್ದೆಯ ತಪ್ಪಲ್ಲ. ಎಎಂಸಿ ಕರಾರಿನಲ್ಲಿ ‘ಒಂದೇ ಯಂತ್ರಕ್ಕೆ ಒಂದೇ ದೂರು ಮೂರು ಸಲ ಬಂದರೆ ಬಿಡಿಭಾಗ ಬದಲಿಸತಕ್ಕದ್ದು’ ಎಂಬ ಒಂದು ಷರತ್ತು ಸೇರಿಸಲು ಯಾವ ನಿಯಮವೂ ಅಡ್ಡ ಬರುವುದಿಲ್ಲ.

ಮಧ್ಯಾಹ್ನದ ಗೋಷ್ಠಿಯಲ್ಲಿ ಪ್ರಬಂಧ ಮಂಡನೆ ಇಲ್ಲ. ನೀವು ತಂದಿರುವ ದೂರಿನ ಪುಸ್ತಕಗಳನ್ನೇ ಗುಂಪುಗಳಲ್ಲಿ ಓದುತ್ತೇವೆ. ಯಾವ ಸಾಲು ಎಎಂಸಿಗೆ, ಯಾವುದು ಕಟ್ಟಡ ವಿಭಾಗಕ್ಕೆ, ಯಾವುದು ಅಧ್ಯಯನ ಮಂಡಳಿಗೆ, ಯಾವುದು ಮುಂದಿನ ಟೆಂಡರಿಗೆ ಎಂದು ವಿಂಗಡಿಸುತ್ತೇವೆ. ಪುಸ್ತಕಗಳನ್ನು ಊಟಕ್ಕೆ ಮೊದಲೇ ನೋಂದಣಿ ಮೇಜಿನ ಬಳಿ ಕೊಡಿ. ಸಹಿಯ ಕಾಲಂ ಮುಚ್ಚಿ ಜೆರಾಕ್ಸ್ ಮಾಡಿಸುತ್ತಾರೆ, ಮೂಲ ಪ್ರತಿ ಸಂಜೆ ವಾಪಸ್ ಸಿಗುತ್ತದೆ. ಕುಲಸಚಿವರೂ ಹಣಕಾಸು ಅಧಿಕಾರಿಗಳೂ ಉದ್ಘಾಟನೆ ಮುಗಿಸಿ ಹೊರಡದೆ ಆ ಗೋಷ್ಠಿಯಲ್ಲಿ ಕೂತಿರಬೇಕೆಂದು ವೇದಿಕೆಯ ಮೇಲಿಂದಲೇ ಕೇಳಿಕೊಳ್ಳುತ್ತಿದ್ದೇನೆ, ಇಷ್ಟು ಜನರ ಎದುರು ಇಲ್ಲ ಎನ್ನುವುದು ಅವರಿಗೆ ಕಷ್ಟ ಎಂಬ ಧೈರ್ಯದ ಮೇಲೆ.