ಸಾರಥಿಯ ಕಾಲು, ಯಂತ್ರದ ಅಂಕೆ

ಕನಕದಾಸರ ನಳಚರಿತ್ರೆಯನ್ನು ಓದಿದವರಿಗೆ ಬಾಹುಕನ ಪರಿಚಯ ಉಂಟು. ಋತುಪರ್ಣನ ರಥವನ್ನು ಅವನು ಓಡಿಸಿದ ವಿದ್ಯೆಗೆ ಹಿರಿಯರು ಇಟ್ಟ ಹೆಸರು ಅಶ್ವಹೃದಯ. ನಮ್ಮ ಕುಣಿಗಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಹೆಸರಾದದ್ದು. ಕುದುರೆ ಸವಾರನ ಕೈಯಲ್ಲಿ ಲಗಾಮು ಬರಿಯ ತೊಗಲಿನ ಪಟ್ಟಿಯಲ್ಲ. ಬೆರಳಿನ ಮಾತು ಕುದುರೆಯ ಬಾಯಿಗೂ, ಕುದುರೆಯ ಮಾತು ಬೆರಳಿಗೂ ಅದರಲ್ಲಿ ಹರಿಯುತ್ತದೆ.

ಸ್ಪೋರ್ಟ್ಸ್ ಕಾರನ್ನು ಮೆಚ್ಚುವವರು ಅರಸುವುದೂ ಇದನ್ನೇ. ಹಳೆಯ ಕಾರುಗಳಲ್ಲಿ ಆಕ್ಸಿಲರೇಟರ್ ಪೆಡಲಿನಿಂದ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಿನವರೆಗೆ ಒಂದು ಉಕ್ಕಿನ ಕೇಬಲ್ ಇತ್ತು. 1980ರ ದಶಕದ ಕೊನೆಗೆ ಬಿ.ಎಂ.ಡಬ್ಲ್ಯು. ತನ್ನ ದೊಡ್ಡ ಕಾರಿನಿಂದ ಅದನ್ನು ತೆಗೆದುಹಾಕಿತು. ಈಗ ಕಾಲು ಎಷ್ಟು ಇಳಿಯಿತೆಂಬುದನ್ನು ಸೆನ್ಸರುಗಳು ಕಂಪ್ಯೂಟರಿಗೆ ತಿಳಿಸುತ್ತವೆ. ಅದು ಲೆಕ್ಕ ಹಾಕಿ, ಪುಟ್ಟ ಮೋಟಾರಿನಿಂದ ಬಾಗಿಲು ತೆರೆಸುತ್ತದೆ. ಮೊದಲು ಕಾಲಿನದು ಅಪ್ಪಣೆ, ಈಗ ಅರ್ಜಿ. ಕಚೇರಿಯ ಅರ್ಜಿಯಂತೆ ಇದು ಕೊಳೆಯುವುದಿಲ್ಲ, ನಿಜ. ಆದರೂ ನುರಿತ ಕಾಲಿಗೆ ಆ ಅಂತರ ತಿಳಿಯುತ್ತದೆ. ಸ್ಪೋರ್ಟ್ ಎಂಬ ಗುಂಡಿಯೊತ್ತಿದರೆ ಅದೇ ಒತ್ತಿಗೆ ಬಾಗಿಲು ಹೆಚ್ಚು ತೆರೆಯುತ್ತದೆ. ಕಾರಿಗೆ ಹೊಸ ಬಲ ಬಂದಂತೆ ತೋರುತ್ತದೆ. ಎಂಜಿನ್ನು ಮಾತ್ರ ಹಳೆಯದೇ.

ಇನ್ನೊಂದು ಅಂಕೆ, ಕಾರು ಜಾರದಂತೆ ಕಾಯುವುದು. ಬೆಂಗಳೂರಿನಲ್ಲಿ ನಾವು ಮೈಕೋ ಎಂದು ಬಲ್ಲ ಸಂಸ್ಥೆಯ ಮೂಲಮನೆಯಾದ ಬಾಷ್, ಇದನ್ನು ಮರ್ಸಿಡಿಸ್ ಕಾರಿನಲ್ಲಿ 1995ರಲ್ಲಿ ಹೊರತಂದಿತು. ಗುಬ್ಬಿಯ ದಾರಿಯಲ್ಲಿ ಮೊದಲ ಮಳೆ ಬಿತ್ತೆನ್ನಿ. ಧೂಳು, ಎಣ್ಣೆ, ನೀರು ಬೆರೆತ ತಿರುವಿನಲ್ಲಿ ಕಾರಿನ ಹಿಂಭಾಗ ಹೊರಕ್ಕೆ ಸರಿಯಿತು. ಸ್ಟಿಯರಿಂಗ್ ತೋರಿಸಿದ ದಿಕ್ಕಿಗೂ ಕಾರು ತಿರುಗುತ್ತಿರುವ ಬಗೆಗೂ ತಾಳೆಯಾಗದುದನ್ನು ಕಂಡು, ಯಂತ್ರ ಹೊರಬದಿಯ ಮುಂದಿನ ಚಕ್ರವೊಂದಕ್ಕೇ ಬ್ರೇಕು ಹಾಕುತ್ತದೆ. ನಿಮ್ಮ ಕಾಲು ಒತ್ತಿಯೇ ಇದ್ದರೂ ಗಾಳಿಬಾಗಿಲನ್ನು ಮುಚ್ಚುತ್ತದೆ. ಒಂದೇ ಚಕ್ರವನ್ನು ಹಿಡಿಯುವುದು ಎಂಥ ಸಾರಥಿಗೂ ಸಾಧ್ಯವಿಲ್ಲ. ಬ್ರೇಕಿನ ಪೆಡಲು ಇರುವುದೇ ಒಂದು. 1997ರಲ್ಲಿ ಸ್ವೀಡನ್ನಿನಲ್ಲಿ ಪರೀಕ್ಷೆಯ ವೇಳೆ ಮರ್ಸಿಡಿಸ್ಸಿನ ಸಣ್ಣ ಕಾರೊಂದು ಮಗುಚಿತು. ಆಮೇಲೆ ಕಂಪನಿ ಆ ಮಾದರಿಗೆಲ್ಲ ಈ ಅಂಕೆಯನ್ನು ಕೂಡಿಸಿತು.

ಜಾರುವ ಮುನ್ಸೂಚನೆ ಬೆನ್ನಿಗೆ ತಿಳಿಯುವ ಮೊದಲೇ ಯಂತ್ರ ಕೈಹಾಕುತ್ತದೆ, ಇನ್ನು ಕಲಿಯುವುದೆಂತು ಎಂಬುದು ರಸಿಕರ ದೂರು. ದೂರಿನಲ್ಲಿ ಹುರುಳುಂಟು. ಅದಕ್ಕಾಗಿಯೇ ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಅಂಕೆಯನ್ನು ಸಡಿಲಿಸುವ, ಆರಿಸುವ ಗುಂಡಿಗಳಿವೆ. ಅವಕ್ಕೆ ತಕ್ಕ ಜಾಗ ರೇಸಿನ ಕಣ. ಭಾನುವಾರ ಬೆಳಗ್ಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆಂದು ಕಾರೇರಿ ಬರುವ ತರುಣರೇ, ಹೆದ್ದಾರಿಯಲ್ಲಿ ಆ ಗುಂಡಿಯನ್ನು ಮುಟ್ಟಬೇಡಿ. ಅಲ್ಲಿ ಎಮ್ಮೆ ಅಡ್ಡ ಬರುತ್ತದೆ, ಟ್ರಾಕ್ಟರು ಎದುರು ದಿಕ್ಕಿನಿಂದ ಬರುತ್ತದೆ, ಸೈಕಲ್ಲಿನ ಮೇಲೆ ಶಾಲೆಯ ಹುಡುಗಿ ಹೋಗುತ್ತಿರುತ್ತಾಳೆ. ಟಯರಿಗಿಲ್ಲದ ಹಿಡಿತವನ್ನು ಯಾವ ಕಂಪ್ಯೂಟರೂ ಕೊಡಲಾರದು, ಸವೆದ ಟಯರಿಗಂತೂ ಸರಿಯೇ.

ಕುದುರೆಯ ಮಾತು ಪೂರ್ತಿ ನಿಂತಿಲ್ಲ. ನಿಮ್ಮೆದುರಿನ ಫಲಕದಲ್ಲಿ ಜಾರುವ ಕಾರಿನ ಚಿತ್ರವುಳ್ಳ ಹಳದಿ ದೀಪ ಮಿನುಗಿದರೆ, ಯಂತ್ರ ಅಡ್ಡ ಬರಬೇಕಾಯಿತೆಂದು ತಿಳಿಯಿರಿ. ಕಾಲನ್ನು ಹಗುರ ಮಾಡಿ. ಮಿನುಗದೆ ಉರಿಯುತ್ತಲೇ ಇದ್ದರೆ ಅಂಕೆಯನ್ನು ಯಾರೋ ಆರಿಸಿದ್ದಾರೆ, ಇಲ್ಲವೆ ಅದು ಕೆಟ್ಟಿದೆ. ಕೆಟ್ಟಿದ್ದರೆ ಮರುದಿನವೇ ಮೆಕ್ಯಾನಿಕ್ಕಿಗೆ ತೋರಿಸಿ.