ಬೆನ್ನುನೋವಿಗೆ ಮನೆ ಮಾರುವ ಮುನ್ನ

(ಹಂಪಿ ಬಜಾರ್ ಪರಿಸರದ ಕುಟುಂಬಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಸಂಡೂರಿನ ಅದಿರು ಲಾರಿಗಳ ಚಾಲಕರು, ಹೊಸಪೇಟೆ ಕಂಪ್ಲಿಗಳ ಹಮಾಲರು, ಹಂಪಿ ಬಜಾರಿಗೆ ಪ್ರವಾಸಿಗರನ್ನು ಕರೆತರುವ ಆಟೋದವರು, ಇವರೆಲ್ಲರ ಅನ್ನ ಇರುವುದು ಬೆನ್ನಿನ ಬಲದ ಮೇಲೆ. ವಾಹನದ ನಿರಂತರ ಕುಲುಕಾಟವೂ ಭಾರ ಎತ್ತುವ ದುಡಿಮೆಯೂ ಸೊಂಟನೋವಿಗೆ ಕಾರಣವೆಂಬುದನ್ನು ವೈದ್ಯಶಾಸ್ತ್ರವೂ ಒಪ್ಪಿದೆ. ದುಡಿಯುವಾತ ಹಾಸಿಗೆ ಹಿಡಿದೊಡನೆ ಯಾರೋ ಹೇಳುತ್ತಾರೆ, ವಿದೇಶದಲ್ಲಿ ಹೊಸ ಡಿಸ್ಕ್ ಹಾಕುತ್ತಾರಂತೆ ಎಂದು. ಮನೆಯ ಪತ್ರವೂ ಹೆಣ್ಣುಮಕ್ಕಳ ಒಡವೆಯೂ ಹೊರಬರುತ್ತವೆ. ಬಡ್ಡಿ ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ದಿನ ಬೇಕೇ?

ಆ ಮಾತು ಪೂರ್ತಿ ಸುಳ್ಳಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಜಿಮ್ನಾಸ್ಟಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಪೂರ್ವ ಜರ್ಮನಿಯ ಕರಿನ್ ಯಾನ್ಸ್ ಮುಂದೆ ವೈದ್ಯೆಯಾಗಿ, ಕುರ್ಟ್ ಶೆಲ್ನಾಕ್ ಅವರೊಡನೆ ಬರ್ಲಿನ್‌ನ ಶಾರಿಟೇ ಆಸ್ಪತ್ರೆಯಲ್ಲಿ ಕೃತಕ ಡಿಸ್ಕನ್ನು ರೂಪಿಸಿದರು. ಎರಡು ಲೋಹದ ತಟ್ಟೆಗಳು, ನಡುವೆ ಜಾರುವ ಪ್ಲಾಸ್ಟಿಕ್ ತಿರುಳು. 1984ರಲ್ಲಿ ಅದನ್ನು ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಮೂಳೆಗಳನ್ನು ಬೆಸೆಯುವ ಹಳೆಯ ಶಸ್ತ್ರಚಿಕಿತ್ಸೆಯಲ್ಲಿ ಆ ಭಾಗದ ಚಲನೆ ನಿಲ್ಲುತ್ತದೆ. ಇದರಲ್ಲಿ ಅದನ್ನು ಉಳಿಸಿಕೊಳ್ಳುವುದೇ ಉದ್ದೇಶ. ಅಮೆರಿಕದಲ್ಲಿ ಅನುಮತಿ ದೊರೆತದ್ದು 2004ರಲ್ಲಿ. ಅದುವರೆಗೆ ಅಲ್ಲಿನ ರೋಗಿಗಳೂ ಜರ್ಮನಿಗೆ ಹೋಗುತ್ತಿದ್ದರು. ಈಗ ಭಾರತದ ದೊಡ್ಡ ನಗರಗಳಲ್ಲಿಯೇ ಈ ಚಿಕಿತ್ಸೆ ನಡೆಯುತ್ತದೆ. ಹೊರದೇಶದವರೇ ಇಲ್ಲಿಗೆ ಬರುತ್ತಾರೆ.

ಎಲ್ಲಿ ಮಾಡಿಸಬೇಕೆಂಬ ಪ್ರಶ್ನೆಗಿಂತ ಬೇಕೇ ಎಂಬ ಪ್ರಶ್ನೆ ಮೊದಲು ಬರಬೇಕು. ಡಿಸ್ಕ್ ಜಾರಿ ಕಾಲಿಗಿಳಿಯುವ ನೋವು ಬಹುಪಾಲು ಜನರಲ್ಲಿ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ತಗ್ಗುತ್ತದೆ. ಎಂಆರ್‌ಐ ಚಿತ್ರ ಕಂಡು ಗಾಬರಿಗೊಳ್ಳುವವರೂ ಕೇಳಬೇಕು: 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಯಾವ ನೋವೂ ಇಲ್ಲದ 20ರ ಹರೆಯದವರಲ್ಲಿಯೇ ಶೇ. 37ರಷ್ಟು ಜನರ ಡಿಸ್ಕ್‌ಗಳಲ್ಲಿ ಸವೆತ ಕಾಣುತ್ತದೆ. 80ರ ವಯಸ್ಸಿನಲ್ಲಿ ಶೇ. 96. ಮೂಳೆ ಟೊಳ್ಳಾದವರಿಗೆ, ಬೆನ್ನಿನ ಹಿಂಬದಿಯ ಕೀಲುಗಳು ಸವೆದವರಿಗೆ, ಮೂಳೆ ಮುಂದಕ್ಕೆ ಸರಿದವರಿಗೆ ಕೃತಕ ಡಿಸ್ಕ್ ಸಲ್ಲದು. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಅಪರೂಪವಲ್ಲ. ಅದಕ್ಕೆ ಬೇಕಾದದ್ದು ಸರ್ಕಾರ ಉಚಿತವಾಗಿ ಕೊಡುವ ಮಾತ್ರೆಗಳು. ಜ್ವರ, ತೂಕ ಇಳಿತ ಜೊತೆಗಿದ್ದರೆ ಮೊದಲು ಅದನ್ನೇ ಪರೀಕ್ಷಿಸಬೇಕು.

ಸೊಂಟದ ಡಿಸ್ಕನ್ನು ಹೊಟ್ಟೆಯ ಕಡೆಯಿಂದ, ದೊಡ್ಡ ರಕ್ತನಾಳಗಳನ್ನು ಸರಿಸಿ ಕೂಡಿಸುತ್ತಾರೆ. ಅದು ಜಾರಿದರೆ ಅಥವಾ ಸವೆದರೆ ಮತ್ತೆ ತೆರೆಯುವುದು ಇನ್ನೂ ಕಷ್ಟ. ಕೊಯ್ದ ವೈದ್ಯ ಸಮುದ್ರದಾಚೆ, ರೋಗಿ ಹೊಸಪೇಟೆಯಲ್ಲಿ ಎಂದಾದರೆ ಆ ಹೊತ್ತಿಗೆ ಯಾರ ಬಾಗಿಲು ತಟ್ಟುವುದು?

ನಮ್ಮ ಮಸೀದಿ ಸಮಿತಿಗಳು ರೋಗಿಯೊಬ್ಬನಿಗೆ ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯಲು ಬೆಂಗಳೂರಿಗೆ ಹೋಗಿಬರುವ ಖರ್ಚು ಕೊಡಲಿ. ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುವವನನ್ನು ದಿಟ್ಟಿಸಿ ನೋಡುವುದನ್ನೂ ನಿಲ್ಲಿಸೋಣ. ಆ ನಾಚಿಕೆಗೆ ಎಷ್ಟೋ ಜನ ನೋವನ್ನು ಮುಚ್ಚಿಡುತ್ತಾರೆ.

ಇನ್ನೊಂದು ಮಾತು. ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಪಾಸ್‌ಪೋರ್ಟ್ ಮಾತು ಬಿಡಿ, ಬೆಳಗಾಗುವುದನ್ನೂ ಕಾಯಬೇಡಿ. ಅದೇ ರಾತ್ರಿ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೊರಡಿ.