ನಮ್ಮೂರ ಚರಿತ್ರೆಗೆ ಅನುದಾನ: ಅರ್ಜಿ ಬರೆಯುವ ಮೊದಲು

(ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಸಂಘದ ಪುಸ್ತಕ ತೆಗೆದರೆ ಯಾರು ಎಷ್ಟು ಉಳಿತಾಯ ಕಟ್ಟಿದರು, ಯಾರ ಸಾಲ ತೀರಿತು, ಎಲ್ಲ ಸಿಗುತ್ತದೆ. ನಮ್ಮ ಊರಿನ ಹೆಣ್ಣುಮಕ್ಕಳ ಕಥೆ ಯಾವ ಪುಸ್ತಕದಾಗ ಅದ ಹೇಳ್ರಿ? ಆಳಂದದ ಏಕಾಂತದ ರಾಮಯ್ಯ, ಲಾಡ್ಲೆ ಮಶಾಕ ದರ್ಗಾ, ಗಾಣಗಾಪುರದ ದತ್ತ, ಜೇವರ್ಗಿಯ ಷಣ್ಮುಖ ಶಿವಯೋಗಿ, ಇವರ ವಿಷಯ ಬರೆದವರಿದ್ದಾರೆ. 1972ರ ಬರದಲ್ಲಿ ನಮ್ಮ ಆಯಿ ಮಕ್ಕಳಿಗೆ ಏನು ಉಣಿಸಿದಳು? 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಊರಿಗೆ ನುಗ್ಗಿದಾಗ ನಾವು ಏನು ಎತ್ತಿಕೊಂಡು ಓಡಿದೆವು? ಇದನ್ನು ನಾವೇ ಬರೆಸಬೇಕು. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ ಇದ್ದಾರೆ. ಅವರು ಹೋದರೆ ಮಾತೂ ಹೋಯಿತು.

ಈ ಕೆಲಸಕ್ಕೆ ಅನುದಾನ ಕೇಳಬಹುದು. ಅನುದಾನ ಸಾಲ ಅಲ್ಲ, ತಿರುಗಿ ಕಟ್ಟೋದಿಲ್ಲ. ಆದರೆ ಪೈಸೆ ಪೈಸೆಗೂ ಲೆಕ್ಕ ಕೊಡಬೇಕು.

ಯಾರ ಹೆಸರಿನಲ್ಲಿ ಅರ್ಜಿ? ಸ್ವಸಹಾಯ ಸಂಘಕ್ಕೆ ಬ್ಯಾಂಕ್ ಖಾತೆ ಇದ್ದರೂ ಸಾಮಾನ್ಯವಾಗಿ ನೋಂದಣಿ ಇರುವುದಿಲ್ಲ. ಅನುದಾನ ಕೊಡುವವರು ಹೆಚ್ಚಾಗಿ ನೋಂದಣಿ ಕೇಳುತ್ತಾರೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಒಕ್ಕೂಟವಿದ್ದರೆ ಅದರ ಹೆಸರಿನಲ್ಲಿ ಠರಾವು ಮಾಡಿ ಹಾಕಬಹುದು. "ವಿದೇಶದಿಂದ ಸೊಸೈಟಿಗೆ ಬಂದ ರೊಕ್ಕದಾಗ ನಮಗೂ ಕೊಡ್ರಿ" ಎಂದು ಕೆಲವರು ಕೇಳುತ್ತಾರೆ. 2020ರ ಕಾನೂನು ತಿದ್ದುಪಡಿಯ ನಂತರ ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ.

ಎಲ್ಲಿ ಕೇಳಬೇಕು? ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಧನಸಹಾಯ ಕೊಡುತ್ತದೆ. ಕಲಬುರಗಿಯ ಕಚೇರಿಯಲ್ಲಿ ಈ ವರ್ಷದ ನಿಯಮ ವಿಚಾರಿಸಿರಿ. 1993ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲೆ, ಸಂಸ್ಕೃತಿಯ ಕೆಲಸಗಳಿಗೆ ಅನುದಾನ ಕೊಡುತ್ತದೆ, ಕನ್ನಡದ ಅರ್ಜಿಯನ್ನೂ ಸ್ವೀಕರಿಸುತ್ತದೆ. ಬೀಸುವ ಪದ, ಸೋಬಾನ ಪದ ಕೂಡಿಸುವವರು ಅಲ್ಲಿ ಕೇಳಿ ನೋಡಬಹುದು.

ಅರ್ಜಿಯಲ್ಲಿ ಏನು ಬರೆಯಬೇಕು? "ನಮ್ಮ ಭಾಗದ ಇತಿಹಾಸ ಉಳಿಸುತ್ತೇವೆ" ಎಂದಷ್ಟೇ ಬರೆದರೆ ಸಾಲದು. ಯಾವ ಊರು, ಎಷ್ಟು ಮಂದಿ ಹಿರಿಯರು, ಎಷ್ಟು ತಿಂಗಳು, ಕೊನೆಗೆ ಪುಸ್ತಕವೋ ಧ್ವನಿಮುದ್ರಣವೋ, ಅದು ಯಾರ ಹತ್ತಿರ ಇರುತ್ತದೆ, ಇಷ್ಟನ್ನು ಸ್ಪಷ್ಟವಾಗಿ ಬರೆಯಿರಿ. ಖರ್ಚಿನ ಪಟ್ಟಿಯಲ್ಲಿ ಬಸ್ ಚಾರ್ಜು, ಛಪಾಯಿ ಹಾಕಿ ಸುಮ್ಮನಾಗಬೇಡಿರಿ. ಕೂಲಿ ಬಿಟ್ಟು ಮಾತು ಬರೆದುಕೊಳ್ಳುವ ಹೆಣ್ಣುಮಗಳ ದಿನದ ದುಡಿಮೆಯನ್ನೂ ಸೇರಿಸಿರಿ. ನಮ್ಮ ಕೆಲಸಕ್ಕೆ ನಾವೇ ಬೆಲೆ ಕಟ್ಟದಿದ್ದರೆ ಬೇರೆಯವರು ಯಾಕ ಕಟ್ಟ್ಯಾರು?

ಒಂದು ಕಠಿಣ ಮಾತು. 1948ರ ಸೆಪ್ಟೆಂಬರ್ 17ರಂದು ನಮ್ಮ ಭಾಗ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾಯಿತು. ಅದಕ್ಕೂ ಮೊದಲು ರಜಾಕಾರರ ಹಾವಳಿಯಲ್ಲಿ ನೊಂದವರಿದ್ದಾರೆ. ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರು ಸತ್ತದ್ದನ್ನು ಸುಂದರಲಾಲ್ ಸಮಿತಿ ಬರೆದಿಟ್ಟಿದೆ, ಅದರಲ್ಲಿ ಗುಲಬರ್ಗಾ ಜಿಲ್ಲೆಯ ಹೆಸರೂ ಇದೆ. ನಮ್ಮ ಸಂಘಗಳಲ್ಲಿ ಎರಡೂ ಮನೆಗಳ ಹೆಣ್ಣುಮಕ್ಕಳು ಒಂದೇ ಚಾಪೆಯ ಮೇಲೆ ಕೂಡುತ್ತೇವೆ. ಒಬ್ಬರ ಕಣ್ಣೀರು ಬರೆದು ಇನ್ನೊಬ್ಬರದು ಬಿಟ್ಟರೆ ಅದು ಊರಿನ ಚರಿತ್ರೆ ಆಗೋದಿಲ್ಲ. ಹೇಳಿದವರ ಒಪ್ಪಿಗೆ ಪಡೆಯಿರಿ. ಹೆಸರು ಬೇಡ ಎಂದರೆ ಬಿಡಿರಿ. ಬರೆದದ್ದನ್ನು ಅವರಿಗೇ ಓದಿ ಹೇಳಿರಿ.

ಅನುದಾನ ಸಿಗಬಹುದು, ಸಿಗದೆಯೂ ಹೋಗಬಹುದು. ಅದಕ್ಕಾಗಿ ಕಾಯುತ್ತ ಕೂಡುವುದು ಬೇಡ. ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿದ ಮೇಲೆ ಅರ್ಧ ತಾಸು ಒಬ್ಬ ಆಯಿಯನ್ನು ಕೂಡ್ರಿಸಿ ಕೇಳೋಣ, ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯೋಣ. ನಾಳೆ ಅರ್ಜಿಯ ಜೊತೆ ಲಗತ್ತಿಸಲು ಆ ನೋಟ್‌ಬುಕ್ಕೇ ನಮ್ಮ ಮೊದಲ ದಾಖಲೆ.